ನೊಬೆಲ್ ಬರುವಷ್ಟರಲ್ಲಿ ವಿಜ್ಞಾನಿಗಳಿಗೆ ವಯಸ್ಸಾಗಿರುವುದು ಯಾಕೆ?

"ನೊಬೆಲ್ ಪಡೆಯುವ ವಿಜ್ಞಾನಿಗಳೆಲ್ಲ ಯಾಕೆ ಅಷ್ಟು ವಯಸ್ಸಾದವರು? ಕಂಡುಹಿಡಿದ ವರ್ಷವೇ ಕೊಟ್ಟರೆ ಏನು ತೊಂದರೆ? ಇದಕ್ಕೆ ಅರ್ಜಿ ಹಾಕಬಹುದಾ?" ಅಂತ ಕೇಳಿದ್ದೀರಿ.

ಆಲ್‌ಫ್ರೆಡ್ ನೊಬೆಲ್ ಬಯಸಿದ್ದೂ ಹೆಚ್ಚುಕಡಿಮೆ ನೀವು ಹೇಳಿದ ಹಾಗೆಯೇ. 1895ರಲ್ಲಿ ಬರೆದ ಉಯಿಲಿನಲ್ಲಿ, ಹಿಂದಿನ ವರ್ಷ ಜನರಿಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದವರಿಗೆ ಕೊಡಿ ಎಂದಿದ್ದರು. ಅದು ಮೊದಲ ದಿನದಿಂದಲೇ ನಡೆಯಲಿಲ್ಲ. 1901ರ ಮೊದಲ ಭೌತವಿಜ್ಞಾನ ಬಹುಮಾನ ರಾಂಟ್‌ಜೆನ್‌ಗೆ ಹೋಯಿತು. ಅವರು ಎಕ್ಸ್-ರೇ ಕಂಡುಹಿಡಿದು ಆಗಲೇ ಆರು ವರ್ಷವಾಗಿತ್ತು.

ತಡ ಯಾಕೆ ಅಂದರೆ, ಹೊಸ ಸುದ್ದಿ ನಿಜವೋ ಸುಳ್ಳೋ ತಿಳಿಯುವುದಕ್ಕೇ ಕಾಲ ಬೇಕು. ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಕಥೆ ನೋಡಿ. ಜಿರಳೆಯಿಂದ ಇಲಿಯ ಹೊಟ್ಟೆ ಸೇರುವ ಒಂದು ಹುಳುವೇ ಕ್ಯಾನ್ಸರ್ ತರುತ್ತದೆ ಅಂತ ಅವರು ತೋರಿಸಿದ್ದರು. 1926ರ ವೈದ್ಯಕೀಯ ನೊಬೆಲ್ ಅವರಿಗೇ ಬಂತು. ಆಮೇಲೆ ಬೇರೆಯವರು ಪರೀಕ್ಷೆ ಮಾಡಿ ನೋಡಿದರೆ ಕಾರಣ ಹುಳುವಲ್ಲ, ಇಲಿಗಳಿಗೆ ವಿಟಮಿನ್ ಎ ಸಾಕಾಗಿರಲಿಲ್ಲ. ಹೊಟ್ಟೆಯಲ್ಲಿ ಎದ್ದ ಗಂಟುಗಳೂ ನಿಜವಾದ ಕ್ಯಾನ್ಸರ್ ಆಗಿರಲಿಲ್ಲ. ಫಿಬಿಗರ್ ಮೋಸಗಾರರೇನಲ್ಲ, ಪ್ರಾಮಾಣಿಕವಾಗಿಯೇ ತಪ್ಪಿದ್ದರು. ಆದರೆ ಕೊಟ್ಟ ನೊಬೆಲ್ ವಾಪಸ್ ಪಡೆಯುವ ದಾರಿ ಇಲ್ಲ. ಪಟ್ಟಿಯಲ್ಲಿ ಅವರ ಹೆಸರು ಇವತ್ತಿಗೂ ಇದೆ.

ಇದರ ಉಲ್ಟಾ ಕಥೆ ಪೇಟನ್ ರೌಸ್ ಅವರದು. ಕೋಳಿಯ ಮೈಮೇಲಿನ ಗೆಡ್ಡೆಯನ್ನು ಅರೆದು, ಜೀವಕೋಶ ಕೂಡ ದಾಟದಷ್ಟು ನುಣ್ಣನೆಯ ಶೋಧಕದಲ್ಲಿ ಸೋಸಿ, ಆ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದರು. ಅದಕ್ಕೂ ಗೆಡ್ಡೆ ಬಂತು. ಅಂದರೆ ಕ್ಯಾನ್ಸರ್ ತರುವ ವೈರಸ್ ಇದೆ ಅಂತ ಆಯಿತು. ಇದು 1911ರ ಮಾತು. ಕೋಳಿಯದ್ದು ಕೋಳಿಗೆ, ಮನುಷ್ಯರಿಗೇನು ಅಂತ ಬಹಳ ಜನ ಪಕ್ಕಕ್ಕಿಟ್ಟರು. ನೊಬೆಲ್ ಬಂದದ್ದು 1966ರಲ್ಲಿ, ರೌಸ್‌ಗೆ 87 ವರ್ಷವಾದಾಗ. ಸುಳ್ಳಾದ ಕೆಲಸಕ್ಕೆ ಬೇಗ, ನಿಜವಾದ ಕೆಲಸಕ್ಕೆ 55 ವರ್ಷ! ಈ ಎರಡನ್ನೂ ಒಟ್ಟಿಗೆ ಓದಿದಾಗಿನಿಂದ ನನಗೆ ಸಮಿತಿಯವರ ಮೇಲೆ ಸಿಟ್ಟೂ ಇದೆ, ಕನಿಕರವೂ ಇದೆ.

ಬೇಗ ಕೊಟ್ಟಿದ್ದೇ ಇಲ್ಲ ಅಂತಲ್ಲ. ಪ್ರಕೃತಿ ಕೆಲವು ಕಡೆ ಎಡ-ಬಲಗಳ ನಡುವೆ ಭೇದ ಮಾಡಬಹುದು ಅಂತ ಭೌತವಿಜ್ಞಾನಿಗಳಾದ ಲೀ ಮತ್ತು ಯಾಂಗ್ 1956ರಲ್ಲಿ ಬರೆದ ಲೇಖನಕ್ಕೆ 1957ರಲ್ಲೇ ಬಹುಮಾನ ಸಿಕ್ಕಿತು. ಅಷ್ಟು ಬೇಗ ಸಿಕ್ಕಿದ್ದು ಯಾಕೆಂದರೆ ಚಿಯೆನ್-ಶಿಯುಂಗ್ ವು ಪ್ರಯೋಗ ಮಾಡಿ ಅದು ನಿಜ ಅಂತ ತೋರಿಸಿಬಿಟ್ಟಿದ್ದರು. ಆಕೆಯ ಹೆಸರು ಮಾತ್ರ ಬಹುಮಾನದಲ್ಲಿ ಇರಲಿಲ್ಲ. 1978ರಲ್ಲಿ ಭೌತವಿಜ್ಞಾನದ ಮೊದಲ ವುಲ್ಫ್ ಪ್ರಶಸ್ತಿ ಆಕೆಗೆ ಬಂತು. ಇನ್ನೊಂದು ತುದಿಯಲ್ಲಿ ಖಗೋಳವಿಜ್ಞಾನಿ ಚಂದ್ರಶೇಖರ್: 1930ರಲ್ಲಿ ಹಡಗಿನಲ್ಲಿ ಕೂತು ನಕ್ಷತ್ರಗಳು ಕೊನೆಗೆ ಏನಾಗುತ್ತವೆ ಅಂತ ಲೆಕ್ಕ ಹಾಕಿದಾಗ 19 ವರ್ಷ, ನೊಬೆಲ್ ಬಂದಾಗ 73.

ನನ್ನ ಮಟ್ಟಿಗೆ ತಡವಾಗುವುದು ದೊಡ್ಡ ತಪ್ಪಲ್ಲ. ತಡವಾಗುವುದರ ಜೊತೆ ಇನ್ನೆರಡು ನಿಯಮ ಸೇರಿಕೊಂಡಿವೆ ನೋಡಿ, ಅಲ್ಲಿ ಅನ್ಯಾಯ ಆಗುತ್ತದೆ. ತೀರಿಕೊಂಡವರಿಗೆ ಕೊಡುವಂತಿಲ್ಲ. ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನ ಹಂಚಿಕೊಳ್ಳುವಂತಿಲ್ಲ. ಹಿಗ್ಸ್ ಕಣದ ವಿಚಾರ 1964ರದು, ಕಣ ಸಿಕ್ಕಿದ್ದು 2012ರಲ್ಲಿ. ಮರುವರ್ಷ ಹಿಗ್ಸ್ ಮತ್ತು ಆಂಗ್ಲೇರ್ ಅವರಿಗೆ ನೊಬೆಲ್ ಬಂತು. ಆಂಗ್ಲೇರ್ ಜೊತೆ ಕೂತು ಆ ಲೇಖನ ಬರೆದ ರಾಬರ್ಟ್ ಬ್ರೌಟ್ 2011ರಲ್ಲೇ ಹೋಗಿಬಿಟ್ಟಿದ್ದರು. ಗುರುತ್ವ ಅಲೆಗಳ ವಿಷಯದಲ್ಲೂ ಅಷ್ಟೆ. ಆ ಅಲೆಗಳನ್ನು ಹಿಡಿಯುವ ಉಪಕರಣ ರೂಪಿಸಿದವರಲ್ಲಿ ಒಬ್ಬರಾದ ರೊನಾಲ್ಡ್ ಡ್ರೆವರ್ 2017ರ ಮಾರ್ಚ್‌ನಲ್ಲಿ ತೀರಿಕೊಂಡರು, ಬಹುಮಾನ ಘೋಷಣೆಯಾದದ್ದು ಅದೇ ಅಕ್ಟೋಬರ್‌ನಲ್ಲಿ, ಬೇರೆ ಮೂವರಿಗೆ. ಅಲೆಗಳು ಸಿಕ್ಕವು ಅಂತ ಸಾರಿದ ಲೇಖನದಲ್ಲಿ ಸಾವಿರಕ್ಕೂ ಹೆಚ್ಚು ಜನರ ಹೆಸರಿತ್ತು! 2011ರಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ರಾಲ್ಫ್ ಸ್ಟೈನ್‌ಮನ್ ಮೂರು ದಿನ ಮೊದಲೇ ತೀರಿಕೊಂಡದ್ದು ಗೊತ್ತಿಲ್ಲದೆ ಅವರ ಹೆಸರು ಘೋಷಿಸಿಬಿಟ್ಟರು. ಬೇಕಂತಲೇ ಮಾಡಿದ್ದಲ್ಲ ಅಂತ ಆ ಬಹುಮಾನವನ್ನು ಹಾಗೇ ಉಳಿಸಿಕೊಂಡರು.

ವಯಸ್ಸಾಗುವ ಮುಂಚೆಯೇ ಕೊಡುವ ಪದಕವೂ ಇದೆ, ಗಣಿತದ ಫೀಲ್ಡ್ಸ್. ನಾಲ್ಕು ವರ್ಷಕ್ಕೊಮ್ಮೆ, 40 ದಾಟದವರಿಗೆ ಮಾತ್ರ. ಅದರಲ್ಲಿ ಬೇರೆ ಥರದ ಫಜೀತಿ. ಫರ್ಮಾನ ಕೊನೆಯ ಪ್ರಮೇಯವನ್ನು ಆಂಡ್ರೂ ವೈಲ್ಸ್ 1993ರಲ್ಲಿ ಸಾಧಿಸಿದೆ ಎಂದರು, ಆಗಲೇ ಅವರಿಗೆ 40 ತುಂಬಿತ್ತು, ಮೇಲಾಗಿ ಅದರಲ್ಲೊಂದು ತೂತು ಸಿಕ್ಕಿತು, ಅದನ್ನು ಮುಚ್ಚುವುದಕ್ಕೆ ಇನ್ನಷ್ಟು ಕಾಲ ಹಿಡಿಯಿತು. 1998ರಲ್ಲಿ ಸಮಾಧಾನಕ್ಕೆ ಅಂತ ಒಂದು ಬೆಳ್ಳಿ ಫಲಕ ಕೊಟ್ಟರು. ವಯಸ್ಸಿನ ಮಿತಿ ಇಲ್ಲದ ಆಬೆಲ್ ಪ್ರಶಸ್ತಿ ಅವರಿಗೆ 2016ರಲ್ಲಿ ಬಂತು.

ಅರ್ಜಿಯ ವಿಚಾರ: ನೊಬೆಲ್‌ಗೆ ಹಾಕುವಂತಿಲ್ಲ. ನಿಮ್ಮ ಹೆಸರನ್ನು ನೀವೇ ಸೂಚಿಸಿದರೆ ಅದು ಲೆಕ್ಕಕ್ಕೇ ಬರಲ್ಲ. ಹಿಂದೆ ನೊಬೆಲ್ ಪಡೆದವರು, ಸ್ವೀಡನ್ನಿನ ವಿಜ್ಞಾನ ಅಕಾಡೆಮಿ ಸದಸ್ಯರು, ಸಮಿತಿ ಆಹ್ವಾನಿಸಿದ ಪ್ರಾಧ್ಯಾಪಕರು, ಇಂಥವರು ಮಾತ್ರ ಹೆಸರು ಸೂಚಿಸಬಹುದು. "ನೊಬೆಲ್‌ಗೆ ನಾಮನಿರ್ದೇಶನಗೊಂಡವರು" ಅಂತ ಯಾರಾದರೂ ಹೇಳಿಕೊಂಡರೆ ಸುಮ್ನೆ ನಕ್ಕುಬಿಡಿ, ಆ ಕಾಗದಪತ್ರ 50 ವರ್ಷ ಗುಟ್ಟಾಗಿರುತ್ತದೆ. ಹಿಗ್ಸ್ ಕಣದ ಸಲ ಯಾರ್ಯಾರ ಹೆಸರು ಬಂದಿತ್ತು, ಮೂರನೇ ಜಾಗ ಯಾಕೆ ಖಾಲಿ ಬಿಟ್ಟರು ಅಂತ ತಿಳಿಯಬೇಕಾದರೆ 2063ರವರೆಗೆ ಕಾಯಬೇಕು.