ತೆಜುಕಾ ಮಾಂಗಾ: ಯಾವ ಎಳೆಯಿಂದ ಶುರು ಮಾಡಲಿ?

ಪ್ರಶ್ನೆ: ಜಪಾನಿನ ಮಾಂಗಾ (ಚಿತ್ರಕಥೆ) ಕಲಾವಿದ ಒಸಾಮು ತೆಜುಕಾ ಅವರನ್ನು ಓದುವ ಆಸೆ. ‘ಆಸ್ಟ್ರೋ ಬಾಯ್’ ಹಿಡಿದೆ, ಮಕ್ಕಳ ಕಥೆ ಅನ್ನಿಸಿ ಅರ್ಧಕ್ಕೇ ಬಿಟ್ಟೆ. ಇಷ್ಟು ದೊಡ್ಡ ರಾಶಿಯನ್ನು ಯಾವ ಕ್ರಮದಲ್ಲಿ ಓದಬೇಕು?

ಉತ್ತರ: ಬರೆದ ವರ್ಷದ ಕ್ರಮ ಬೇಡ. ಸುಮಾರು 700 ಕೃತಿ, ಒಂದೂವರೆ ಲಕ್ಷ ಪುಟ! ಮೊದಲಿನಿಂದ ಹೊರಟರೆ ಮಕ್ಕಳ ಪತ್ರಿಕೆಗಳಿಗೆ ಬರೆದ ಕಾಲ ದಾಟುವಷ್ಟರಲ್ಲೇ ದಣಿಯುತ್ತೀರಿ. ಒಂದು ವಿಷಯ ಹಿಡಿದು ಓದಿ. ತೆಜುಕಾ ವೈದ್ಯಶಿಕ್ಷಣ ಮುಗಿಸಿದವರು. ನಮ್ಮ ಮಟ್ಟಿಗೆ ವೈದ್ಯಕೀಯದ ಎಳೆಯೇ ಎಲ್ಲಕ್ಕಿಂತ ಗಟ್ಟಿ.

‘ಬ್ಲ್ಯಾಕ್ ಜ್ಯಾಕ್’ (1973–83) ಇಂದ ಶುರು ಮಾಡಿ. ನಾಯಕ ಪರವಾನಗಿಯಿಲ್ಲದ ಶಸ್ತ್ರವೈದ್ಯ. ಹೆಚ್ಚಿನ ಕಂತುಗಳು ಬಿಡಿ ಕಥೆಗಳಾದ್ದರಿಂದ ಯಾವ ಸಂಪುಟ ಸಿಕ್ಕರೂ ಆದೀತು. ಡಾ. ಹೊನ್ಮಾ ಸಾಯುವ ಕಂತನ್ನು ಮಾತ್ರ ತಪ್ಪಿಸಬೇಡಿ. ಶಸ್ತ್ರಚಿಕಿತ್ಸೆ ಮಾಡುವಾಗ ಬಾಲಕ ಬ್ಲ್ಯಾಕ್ ಜ್ಯಾಕ್‌ನ ದೇಹದೊಳಗೆ ಅವರು ಮರೆತು ಬಿಟ್ಟ ಚಾಕು ವರ್ಷಗಳ ನಂತರ ಹೊರಬರುತ್ತದೆ. ಅದರ ಸುತ್ತ ಕ್ಯಾಲ್ಸಿಯಂ ಕವಚ ಕಟ್ಟಿಕೊಂಡಿರುತ್ತದೆ. ಹರಿತವಾದ ಅಂಚು ಕರುಳಿಗೆ ತಾಗದಂತೆ ದೇಹವೇ ತನ್ನನ್ನು ಕಾಪಾಡಿಕೊಂಡಿದೆ. ವೈದ್ಯನ ಕೈಚಳಕಕ್ಕೆ ಮಿತಿ ಎಲ್ಲಿ ಎಂಬ ಪ್ರಶ್ನೆಯನ್ನು ತೆಜುಕಾ ಆ ಒಂದು ಚಾಕುವಿನಲ್ಲೇ ಇಟ್ಟುಬಿಡುತ್ತಾರೆ.

ಆಮೇಲೆ ‘ಓಡ್ ಟು ಕಿರಿಹಿತೊ’ (1970–71). ಮನುಷ್ಯನ ಮುಖ ನಾಯಿಯಂತಾಗುವ ರೋಗ. ಅದು ಸಾಂಕ್ರಾಮಿಕ ಎಂದು ಹಟ ಹಿಡಿದ ಮೇಲಧಿಕಾರಿ, ಅದನ್ನು ಒಪ್ಪದ ಕಿರಿಯ ವೈದ್ಯ. ಆ ರೋಗ ಬರುವುದು ಆ ಕಿರಿಯನಿಗೇ. ಲೈಂಗಿಕ ಹಿಂಸೆಯ ದೃಶ್ಯಗಳಿವೆ, ಮಕ್ಕಳ ಕೈಗೆ ಕೊಡಬೇಡಿ. ಮೊದಲ ಪುಸ್ತಕವಾಗಿಯೂ ಬೇಡ: ಅದರ ಕತ್ತಲೆಗೇ ಬೆದರಿ ಹಿಂದೆ ಸರಿಯುವವರಿದ್ದಾರೆ.

ಯುದ್ಧದ ಎಳೆ ಬೇಕಿದ್ದರೆ ‘ಅಡಾಲ್ಫ್’ (1983–85) ಒಂದೇ ಸಾಕು.

ಪ್ರಶ್ನೆ: ‘ಫೀನಿಕ್ಸ್’ ಭಾಗಗಳನ್ನು ಕಥೆಯ ಕಾಲಕ್ಕೆ ಸರಿಯಾಗಿ ಜೋಡಿಸಿಕೊಂಡು ಓದಬಹುದೇ?

ಉತ್ತರ: ದಯವಿಟ್ಟು ಬೇಡ. ಮೊದಲ ಭಾಗ ಪ್ರಾಚೀನ ಜಪಾನಿನದು, ಎರಡನೆಯದು ಕ್ರಿ.ಶ. 3404ರದು, ಮುಂದಿನವು ಎರಡೂ ತುದಿಯಿಂದ ವರ್ತಮಾನದ ಕಡೆ ಸರಿಯುತ್ತಾ ಬರುತ್ತವೆ. ಮನುಕುಲದ ಅಂತ್ಯ ಎರಡನೆಯದರಲ್ಲೇ ತಿಳಿದುಬಿಡುವುದರಿಂದ ನಂತರದ ಪ್ರತಿ ಹೋರಾಟದ ತೂಕವೇ ಬೇರೆ. ಕಾಲಕ್ರಮಕ್ಕೆ ಜೋಡಿಸಿದರೆ ಅದು ಕೈತಪ್ಪುತ್ತದೆ. ತೆಜುಕಾ 1989ರಲ್ಲಿ ತೀರಿಕೊಂಡರು, ಸರಣಿ ಮುಗಿದಿಲ್ಲ. ಒಂದೇ ಭಾಗ ಓದುವುದಾದರೆ ‘ಕರ್ಮ’: ಒಂದು ಕೈಯ ಗಾವೊ ಮತ್ತು ಶಿಲ್ಪಿ ಅಕಾನೆಮಾರು ಅವರ ಕಥೆ.

ಪ್ರಶ್ನೆ: ‘ಬುದ್ಧ’ ಸರಣಿಯನ್ನು ಜೀವನಚರಿತ್ರೆಯಾಗಿ ನಂಬಬಹುದೇ? ಬೇರೆ ಬೇರೆ ಪುಸ್ತಕಗಳಲ್ಲಿ ಒಂದೇ ಮುಖ ಕಾಣುವುದೇಕೆ?

ಉತ್ತರ: ನಂಬಬೇಡಿ. ಚಾಪ್ರಾ, ತತ್ತಾ ಇಬ್ಬರೂ ತೆಜುಕಾ ಕಲ್ಪನೆಯ ಪಾತ್ರಗಳು. ಕಾದಂಬರಿಯಾಗಿ ಓದಿ, ಆಗ ಅದು ಬಹಳ ದೊಡ್ಡದು. ಇನ್ನು ಮುಖಗಳ ಮಾತು: ತೆಜುಕಾ ತಮ್ಮ ಪಾತ್ರಗಳನ್ನು ನಟರಂತೆ ಬಳಸುತ್ತಾರೆ. ಒಂದು ಕಡೆ ಒಳ್ಳೆಯ ಹುಡುಗನಾಗಿದ್ದ ರಾಕ್ ಇನ್ನೊಂದು ಕಡೆ ಖಳ. ಅದನ್ನು ಮುಂದುವರಿದ ಕಥೆ ಅಂದುಕೊಂಡರೆ ಗೊಂದಲ ಗ್ಯಾರಂಟಿ.

ಕೊಳ್ಳುವ ಮುನ್ನ ಪುಟ ತಿರುವಿ ನೋಡಿ. ಕೆಲವು ಇಂಗ್ಲಿಷ್ ಆವೃತ್ತಿಗಳಲ್ಲಿ ಚಿತ್ರಗಳನ್ನು ಎಡಬಲ ತಿರುಗಿಸಿ ಮುದ್ರಿಸಿರುತ್ತಾರೆ, ಬಲಗೈಯವರೆಲ್ಲ ಎಡಗೈಯವರಾಗಿರುತ್ತಾರೆ.