ಕಣ್ಣು ಕೆಂಪಾಗಿಲ್ಲ ಅಂತ ಕಾಯ್ತಾ ಕೂರೋರಿಗೆ

ಪ್ರಶ್ನೆ: ಹತ್ತು ವರ್ಷದ ಮಗನ ಕಣ್ಣಿಗೆ ನಿನ್ನೆ ಚೆಂಡು ಬಡೀತು. ಊತ ಇಲ್ಲ, ಕೆಂಪಾಗಿಲ್ಲ, ಆದ್ರೆ ವಾಂತಿ ನಿಲ್ತಿಲ್ಲ, ಮೇಲೆ ನೋಡು ಅಂದ್ರೆ ಅಳ್ತಾನೆ. ತಲೆ ಸ್ಕ್ಯಾನ್ ನಾರ್ಮಲ್. ಒಂದು ವಾರ ಕಾದು ನೋಡಬಹುದಾ?

ಉತ್ತರ: ಬೇಡ, ಈಗ್ಲೇ ಹೊರಡಿ. ತಿಂಗಳಿಗೊಂದು ಸಲ ಇದೇ ಪ್ರಶ್ನೆ ಬರತ್ತೆ, ಪ್ರತಿ ಸಲ ಯಾರೋ ಒಬ್ರು ‘ಕಣ್ಣು ಬೆಳ್ಳಗಿದೆಯಲ್ಲ, ಏನಾಗಿಲ್ಲ ಬಿಡಿ’ ಅಂದಿರ್ತಾರೆ. ಕಣ್ಣುಗುಡ್ಡೆ ಕೂತಿರೋ ಗುಳಿಯ ತಳದ ಮೂಳೆ ಕಾಗದದಷ್ಟು ತೆಳು. ದೊಡ್ಡೋರಿಗೆ ಏಟು ಬಿದ್ರೆ ಅದು ಪುಡಿಯಾಗತ್ತೆ, ಮಕ್ಕಳದ್ದು ಹಸಿ ಕಡ್ಡಿ ಥರ ಬಾಗಿ ಬಿರುಕು ಬಿಟ್ಟು ಮತ್ತೆ ಪಟ್ ಅಂತ ಮುಚ್ಕೊಳತ್ತೆ, ಆ ಸಂದಿನಲ್ಲಿ ಕಣ್ಣಿನ ಕೆಳಗಿನ ಸ್ನಾಯು ಬಾಗಿಲಿಗೆ ಸಿಕ್ಕ ಬೆರಳಿನ ಹಾಗೆ ಸಿಕ್ಕಿಬೀಳತ್ತೆ. ರಕ್ತ ಹರಿಯೋದು ನಿಂತ್ರೆ ಅದು ಒಳಗೇ ಸಾಯ್ತಾ ಹೋಗತ್ತೆ. ಮೇಲೆ ನೋಡೋಕೆ ಹೋದಾಗ ಆ ಸ್ನಾಯು ಎಳೆದು ವೇಗಸ್ ನರ (ಮೆದುಳಿಂದ ಹೃದಯ, ಹೊಟ್ಟೆಗೆ ಹೋಗೋ ನರ) ಕೆರಳತ್ತೆ, ವಾಂತಿ ಬರತ್ತೆ, ನಾಡಿ ನಿಧಾನ ಆಗತ್ತೆ, ಅದಕ್ಕೇ ಎಲ್ಲರೂ ತಲೆಗೆ ಪೆಟ್ಟು ಅಂದ್ಕೊಂಡು ಮೆದುಳಿನ ಸ್ಕ್ಯಾನ್ ಮಾಡ್ಸಿ ಸಮಾಧಾನ ಪಡ್ತಾರೆ. ಕೇಳಬೇಕಾದ್ದು ಕಣ್ಣಿನ ಗುಳಿಯ ತೆಳು ಸ್ಲೈಸಿನ ಸಿಟಿ ಸ್ಕ್ಯಾನ್. ಅದ್ರಲ್ಲೂ ಬಿರುಕು ಕೂದಲೆಳೆಯಷ್ಟೇ ಕಾಣಬಹುದು, ಹಾಗಾಗಿ ನನಗೆ ರಿಪೋರ್ಟಿಗಿಂತ ಮಗುವಿನ ಕಣ್ಣೇ ಮುಖ್ಯ: ತಲೆ ಅಲ್ಲಾಡಿಸದೆ ಬೆರಳನ್ನ ನೋಡ್ತಾ ಮೇಲೆ ಹೋಗು ಅಂದಾಗ ಒಂದು ಕಣ್ಣು ಏರತ್ತೆ, ಇನ್ನೊಂದು ಅರ್ಧಕ್ಕೇ ನಿಂತುಬಿಡತ್ತೆ.

24ರಿಂದ 48 ಗಂಟೆಯೊಳಗೆ ಆಪರೇಷನ್ ಮಾಡಿ ಸ್ನಾಯು ಬಿಡಿಸಬೇಕು, ಬೇಗ ಆದಷ್ಟೂ ಒಳ್ಳೇದು. ಕೆಳರೆಪ್ಪೆಯ ಒಳಗಿಂದಾನೇ ಹೋಗ್ತೀವಿ, ಹೊರಗೆ ಗಾಯದ ಗುರುತು ಇರಲ್ಲ. ನನ್ನ ಹತ್ರ ಒಬ್ಳು ಹುಡುಗಿ ಆರನೇ ದಿನ ಬಂದಿದ್ಲು, ಗದ್ದ ಮೇಲೆತ್ತಿಕೊಂಡೇ ಒಳಗೆ ನಡೆದು ಬಂದ್ಲು, ಹಾಗೆ ಹಿಡಿದ್ರೆ ಮಾತ್ರ ಒಂದು ವಸ್ತು ಎರಡಾಗಿ ಕಾಣ್ತಿರಲಿಲ್ಲ. ಬಿಡಿಸಿದ ಸ್ನಾಯು ಕಪ್ಪಾಗಿತ್ತು. ಎರಡೆರಡು ಕಾಣೋದು ಪೂರ್ತಿ ಹೋಗ್ಲೇ ಇಲ್ಲ.

‘ಊತ ಇಳೀಲಿ, ಎರಡು ವಾರ ನೋಡಣ’ ಅನ್ನೋದು ಸ್ನಾಯು ಸಿಕ್ಕದ ದೊಡ್ಡೋರ ಕೇಸಿನ ಮಾತು, ಅದನ್ನ ತಂದು ಮಕ್ಕಳಿಗೆ ಅಂಟಿಸಬೇಡಿ. ಮತ್ತೆ ಮೂಗು ಜೋರಾಗಿ ಸೀಟಬೇಡಿ, ಗಾಳಿ ಕಣ್ಣಿನ ಗುಳಿಗೆ ನುಗ್ಗತ್ತೆ.

ಉಳಿದವು ಬೇಗ ಬೇಗ. ಮುಖದ ಟೈಟಾನಿಯಂ ಪ್ಲೇಟು ಎಂಆರ್‌ಐಲಿ ಎಳ್ಕೊಂಡು ಹೋಗತ್ತಾ? ಇಲ್ಲ, ಅದು ಅಯಸ್ಕಾಂತಕ್ಕೆ ಅಂಟೋ ಲೋಹ ಅಲ್ಲ, ಪ್ಲೇಟ್ ಇದೆ ಅಂತ ಮೊದ್ಲೇ ಹೇಳಿ ಸಾಕು. ಮುರಿದ ದವಡೆನ ಎಣ್ಣೆ ಹಚ್ಚಿ ಉಜ್ಜಿ ಕೂರಿಸ್ತೀನಿ ಅನ್ನೋರ ಹತ್ರ ಹೋಗಬಹುದಾ? ಈ ಪ್ರಶ್ನೆಗೆ ಸಭ್ಯವಾದ ಉತ್ತರ ನನ್ನ ಹತ್ರ ಇಲ್ಲ. ಪೆಟ್ಟು ಬಿದ್ಮೇಲೆ ಒಂದೇ ಮೂಗಿನ ಹೊಳ್ಳೆಯಿಂದ ತಿಳಿ ನೀರು ಸೋರ್ತಿದೆ, ಶೀತದ ಮಾತ್ರೆ ತಗೊಳ್ಲಾ? ಅದು ಮೆದುಳಿನ ಸುತ್ತ ಇರೋ ದ್ರವ ಇರಬಹುದು ಸ್ವಾಮಿ, ಹತ್ತಿ ತುರುಕದೆ ಇವತ್ತೇ ಆಸ್ಪತ್ರೆಗೆ ಹೋಗಿ.