ಗಂಡನಿಗೆ ಎಎಲ್‌ಎಸ್ ಅಂದಿದ್ದಾರೆ, ಮೊದಲು ವಾಲಿಬಾಲ್ ಪ್ಲೇಯರ್, ಮನೆಯವರು ಏನೇನಕ್ಕೆ ರೆಡಿ ಆಗ್ಬೇಕು?

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರೀನೇ ಓದಿದೆ, ಬರೆಯೋಕೆ ಕೂತು ಎರಡು ಸಲ ಅಳಿಸಿ ಹಾಕಿದೆ. ಯಜಮಾನ್ರಿಗೆ 46, ಯೂನಿವರ್ಸಿಟಿಗೆ ವಾಲಿಬಾಲ್ ಆಡ್ದೋರು, ಬಲಗೈ ಸೋಲ್ತಿದೆ, ಎಎಲ್‌ಎಸ್, ಅಂದ್ರೆ ಸ್ನಾಯು ಆಡ್ಸೋ ನರಗಳು ಸಾಯ್ತಾ ಹೋಗೋ ಕಾಯಿಲೆ, ಅಂತ ಡಾಕ್ಟ್ರು ನಿಮ್ಮೊಬ್ರನ್ನೇ ಕರೆದು ಹೇಳಿದ್ದಾರೆ, ಅವ್ರಿಗೆ ಹೇಳೋದಾ ಬೇಡ್ವಾ ಗೊತ್ತಾಗ್ತಿಲ್ಲ, ಆಟ ಆಡಿ ಆಡೀನೇ ಹಿಂಗಾಯ್ತು ಅಂತ ನಿಮ್ಮತ್ತೆ ಅಳ್ತಿದ್ದಾರೆ ಅಂತ ಬರ್ದಿದ್ದೀರ. ನಾನು ಡಾಕ್ಟ್ರಲ್ಲ. ನಮ್ಮಪ್ಪಂಗೆ ಇದೇ ಕಾಯಿಲೆ ಇತ್ತು, 2018ರಲ್ಲಿ ಶುರುವಾಗಿದ್ದು, 2021ರ ನವೆಂಬರ್‌ನಲ್ಲಿ ಹೋದ್ರು. ಅಪ್ಪ ಕಬಡ್ಡಿ ಪ್ಲೇಯರ್. ಮಂಡ್ಯ ಕಡೆಯೋರು, ಮಣ್ಣಿನ ಅಂಕಣದ ಕಾಲದವರು, ದಸರಾ ಕ್ರೀಡಾಕೂಟದಲ್ಲೆಲ್ಲಾ ಆಡಿದ್ರು, ರೈಡರ್.

ಮೊದ್ಲು ಅತ್ತೆ ಪ್ರಶ್ನೆ ಮುಗಿಸಿಬಿಡ್ತೀನಿ. ಆಟಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಸ್ಟಡಿಗಳು ಆಗಿವೆ, ಇಟಲಿ ಫುಟ್‌ಬಾಲ್ ಆಟಗಾರರಲ್ಲಿ, ಅಮೆರಿಕದ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಆಟಗಾರರಲ್ಲಿ ಸಾಮಾನ್ಯ ಜನಕ್ಕಿಂತ ಜಾಸ್ತಿ ಅಂತ ಸಿಕ್ಕಿದೆ, ಎನ್‌ಎಫ್‌ಎಲ್‌ನಲ್ಲಂತೂ ಸುಮಾರು ನಾಲ್ಕು ಪಟ್ಟು. ಅಮೆರಿಕದಲ್ಲಿ ಇದಕ್ಕೆ ಲೂ ಗೆಹ್ರಿಗ್ ಕಾಯಿಲೆ ಅಂತಾನೇ ಹೆಸರು, ಆತ ಬೇಸ್‌ಬಾಲ್‌ನಲ್ಲಿ ಸತತ 2130 ಮ್ಯಾಚ್ ಆಡಿದವನು, 1939ರಲ್ಲಿ ಗೊತ್ತಾಯ್ತು, 1941ರಲ್ಲಿ ಹೋದ. ಆದ್ರೆ ಅವೆಲ್ಲಾ ದೊಡ್ಡ ಗುಂಪಿನ ಲೆಕ್ಕ. ನಿಮ್ಮ ಮನೆಯವ್ರಿಗೆ ಯಾಕೆ ಬಂತು ಅಂತ ಅದರಿಂದ ಹೇಳೋಕಾಗಲ್ಲ, ಜೀವನದಲ್ಲಿ ಒಂದಿನ ಓಡದವ್ರಿಗೂ ಬರುತ್ತೆ. ನಮ್ಮಜ್ಜಿನೂ ಇದೇ ಹೇಳ್ತಿದ್ರು, ಮಣ್ಣಲ್ಲಿ ಬಿದ್ದು ಬಿದ್ದು ನರ ಸತ್ತೋಯ್ತು ಅಂತ. ಅಪ್ಪಂಗೆ ಅದು ಕೇಳಿಸಿದ್ರೆ ಕಾಯಿಲೆಗಿಂತ ಜಾಸ್ತಿ ನೋವಾಗೋದು, ಯಾಕಂದ್ರೆ ಅವ್ರ ಜೀವನದಲ್ಲಿ ಖುಷಿಯಾಗಿದ್ದು ಅದೊಂದೇ. ಅತ್ತೆಗೆ ಸ್ವಲ್ಪ ಹೇಳಿ.

ನಮಗೆ ಶುರುವಾಗಿದ್ದು ಚಪ್ಪಲಿಯಿಂದ. ಹವಾಯಿ ಚಪ್ಪಲಿ ಎಡಗಾಲಿಂದ ಜಾರಿ ಹಿಂದೇನೇ ಉಳಿದುಬಿಡೋದು, ಅವ್ರಿಗೆ ಗೊತ್ತೇ ಆಗ್ತಿರ್ಲಿಲ್ಲ. ಹಳೇ ಮಂಡಿ ಪೆಟ್ಟು ಅಂದ್ಕೊಂಡು ಎಣ್ಣೆ ತಿಕ್ಕಿಸ್ಕೊಂಡ್ರು. ಕಾಲು ವೀಕ್ ಆಗಿದೆ ಅಂತ ಬೆಳಿಗ್ಗೆ ಎದ್ದು ಬಸ್ಕಿ ಹೊಡೆಯೋಕೆ ಶುರು ಮಾಡಿದ್ರು, ದಿನಾ ಐವತ್ತು. ಆಟ ಆಡ್ದೋರಿಗೆ ಬೇರೇನೂ ತೋಚಲ್ಲ ನೋಡಿ, ಸೋತ್ರೆ ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡ್ಬೇಕು ಅಷ್ಟೇ. ಇದರಲ್ಲಿ ಆ ಲೆಕ್ಕ ನಡೆಯಲ್ಲ, ಸತ್ತ ನರ ಬಸ್ಕಿಗೆ ವಾಪಸ್ ಬರಲ್ಲ, ಮಧ್ಯಾಹ್ನದ ಹೊತ್ತಿಗೆ ಎದ್ದು ನಿಲ್ಲೋಕೂ ಆಗದಷ್ಟು ಸುಸ್ತಾಗೋದು. ನಿಮ್ಮ ಯಜಮಾನ್ರು ಡಂಬೆಲ್ ಎತ್ತೋಕೆ ಹೋದ್ರೆ ಬೈಬೇಡಿ, ಫಿಸಿಯೋ ಹತ್ರ ಕರ್ಕೊಂಡು ಹೋಗಿ ಎಷ್ಟು ಅಂತ ಅವ್ರ ಬಾಯಲ್ಲೇ ಹೇಳಿಸಿ, ಪ್ಲೇಯರ್‌ಗಳು ಹೆಂಡ್ತಿ ಮಾತು ಕೇಳಲ್ಲ, ಕೋಚ್ ಮಾತು ಕೇಳ್ತಾರೆ.

ಆಮೇಲೆ ಎಂಆರ್‌ಐ ಮಾಡಿಸಿದ್ರೆ ಕತ್ತಿನ ಮೂಳೆ ಸವೆದಿದೆ ಅಂತ ಬಂತು, ಒಂದು ಆಸ್ಪತ್ರೇಲಿ ಕತ್ತಿನ ಆಪರೇಷನ್ನೇ ಮಾಡಿದ್ರು. ಐವತ್ತು ದಾಟಿದವ್ರ ಕತ್ತು ಯಾರದ್ದು ಸವೆದಿರಲ್ಲ ಹೇಳಿ. ಆರೇಳು ತಿಂಗಳು, ಸಾಲ, ಎಲ್ಲಾ ಅದಕ್ಕೇ ಹೋಯ್ತು. ಆಪರೇಷನ್ ಆದ್ಮೇಲೂ ಕಾಲು ಸಣ್ಣ ಆಗ್ತಾನೇ ಹೋಯ್ತು, ತೊಡೆ ಮೇಲೆ ಚರ್ಮದ ಒಳಗೆ ಹುಳ ಹರಿದಂಗೆ ಅದುರೋದು. 2019ರ ಫೆಬ್ರವರಿಯಲ್ಲಿ ಬೇರೆ ಕಡೆ ಇಎಂಜಿ, ಅಂದ್ರೆ ಸ್ನಾಯುವಿಗೆ ಸೂಜಿ ಹಾಕಿ ನೋಡೋ ಟೆಸ್ಟ್, ಮಾಡಿ ಎಎಲ್‌ಎಸ್ ಅಂತ ಹೇಳಿದ್ರು. ಅದಕ್ಕೇ ಹೇಳ್ತಿರೋದು, ನಿಮಗೆ ಒಬ್ರೇ ಡಾಕ್ಟ್ರು ಹೇಳಿದ್ರೆ ನಿಮ್ಹಾನ್ಸ್ ಥರ ನರರೋಗದ್ದೇ ದೊಡ್ಡ ಕಡೆ ಇನ್ನೊಂದ್ಸಲ ತೋರಿಸಿ. ಇದೇ ಥರ ಕೈ ಸಣ್ಣ ಆಗೋ ಬೇರೆ ಕಾಯಿಲೆಗಳೂ ಇವೆ, ಕೆಲವು ಅಲ್ಲಿಗೇ ನಿಂತುಬಿಡ್ತವೆ.

ಈಗ ಅವ್ರಿಗೆ ಹೇಳೋ ವಿಷಯ. ಹೇಳಿ ಅಕ್ಕ. ನಾವು ನಾಲ್ಕು ತಿಂಗಳು ಮುಚ್ಚಿಟ್ವಿ, ನರದ ವೀಕ್ನೆಸ್ಸು, ಸರಿಯಾಗುತ್ತೆ ಅಂತ. ಅಪ್ಪ ಮೊಬೈಲಲ್ಲಿ ತಾವೇ ಹುಡುಕಿ ತಿಳ್ಕೊಂಡಿದ್ರು, ನಾವು ಬೇಜಾರಾಗ್ತೀವಿ ಅಂತ ಅವ್ರು ನಮ್ಮತ್ರ ನಾಟಕ ಆಡ್ತಿದ್ರು, ಅವ್ರು ಬೇಜಾರಾಗ್ತಾರೆ ಅಂತ ನಾವು ಅವ್ರತ್ರ. ಒಂದೇ ಮನೇಲಿ ನಾಲ್ಕು ತಿಂಗಳು. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅದೇ, ಕೈ ಆಡ್ತಿತ್ತು, ಮಾತು ಬರ್ತಿತ್ತು, ಅಂಥಾ ಟೈಮನ್ನ ಹಾಳು ಮಾಡ್ಕೊಂಡ್ವಿ. ಇದರಲ್ಲಿ ಕೆಲವರಿಗೆ ಯೋಚನೆ ಶಕ್ತಿಗೂ ಏಟು ಬೀಳುತ್ತಂತೆ, ಆದ್ರೆ ತುಂಬಾ ಜನಕ್ಕೆ ತಲೆ ಕೊನೆವರೆಗೂ ಚೆನ್ನಾಗೇ ಇರುತ್ತೆ. ಅಪ್ಪಂದು ಇತ್ತು. ತಲೆ ಸರಿ ಇರೋ ಮನುಷ್ಯನ ಎದುರಿಗೇ ಅವ್ರನ್ನ ಬಿಟ್ಟು ನಾವ್ನಾವೇ ಮಾತಾಡ್ಕೊಳ್ಳೋದು ಇದೆಯಲ್ಲ, ಅದೇ ದೊಡ್ಡ ಅವಮಾನ.

ಉಸಿರಿನ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಎಲ್ಲರ ಕಣ್ಣು ಕೈಕಾಲ ಮೇಲೆ ಇರುತ್ತೆ, ಜೀವ ತೆಗೆಯೋದು ಉಸಿರಿನ ಸ್ನಾಯು. ಪ್ರತಿ ವಿಸಿಟ್‌ಗೂ ಡಾಕ್ಟ್ರು ಒಂದು ಸಣ್ಣ ಟೆಸ್ಟ್ ಮಾಡೋರು, ದೊಡ್ಡದಾಗಿ ಉಸಿರು ತಗೊಂಡು ಒಂದೇ ದಮ್ಮಿಗೆ ಒಂದು ಎರಡು ಮೂರು ಅಂತ ಎಣಿಸ್ತಾ ಹೋಗ್ಬೇಕು. ಆರೋಗ್ಯವಾಗಿರೋರು ನಲವತ್ತು ಐವತ್ತರ ತನಕ ಹೋಗ್ತಾರೆ. ಮೊದಲನೇ ಸಲ ಅಪ್ಪ ನಕ್ಕುಬಿಟ್ರು, ಎಣಿಸೋದ್ ಬ್ಯಾಡ ಸಾ, ಕಬಡ್ಡಿ ಕಬಡ್ಡಿ ಅಂತೀನಿ, ನೀವೇ ಎಣಿಸ್ಕಳಿ ಅಂದ್ರು. ಡಾಕ್ಟ್ರೂ ನಕ್ಕು ಸರಿ ಅಂದ್ರು. ಓಪಿಡಿಲಿ ಕೂತೋರೆಲ್ಲಾ ತಿರುಗಿ ನೋಡ್ತಿದ್ರು, ವಾಕರ್ ಹಿಡ್ಕೊಂಡಿರೋ ಮನುಷ್ಯ ಕಬಡ್ಡಿ ಕಬಡ್ಡಿ ಅಂತಿದ್ದಾನೆ. ಆವತ್ತು 38. ಮೂರು ತಿಂಗಳಿಗೆ 27. ಆಮೇಲೆ 19. 11 ಬಂದ ದಿನ ಅವ್ರೇ ನಿಲ್ಲಿಸಿಬಿಟ್ರು, ದಮ್ಮು ಹೋಯ್ತಲ್ಲ ಸಾ, ಔಟು ಅಂದ್ರು. ನಾನು ಆಚೆ ಬಂದು ಪಾರ್ಕಿಂಗಲ್ಲಿ ಹತ್ತು ನಿಮಿಷ ನಿಂತಿದ್ದೆ.

ಮನೇಲಿ ನೀವು ಗಮನಿಸಬೇಕಾಗಿರೋದು ಬೆಳಿಗ್ಗೆ ಎದ್ದಾಗ ತಲೆನೋವು, ಅಂಗಾತ ಮಲಗೋಕೆ ಆಗದೇ ಇರೋದು, ರಾತ್ರಿ ಬೆಚ್ಚಿಬೀಳೋದು, ಹಗಲೆಲ್ಲಾ ತೂಕಡಿಕೆ. ಇದು ಕಂಡ್ರೆ ಮಾಸ್ಕ್ ಹಾಕಿ ಉಸಿರಿಗೆ ಗಾಳಿ ಒತ್ತಿ ಕೊಡೋ ಬೈಪ್ಯಾಪ್ ಮಷೀನ್ ಬೇಕಾ ಅಂತ ತಕ್ಷಣ ಕೇಳಿ, ಅದರಿಂದ ಆಯಸ್ಸೂ ಸ್ವಲ್ಪ ಸಿಗುತ್ತೆ, ನಿದ್ದೆನೂ ಬರುತ್ತೆ. ಬಾಡಿಗೆಗೆ ಸಿಗುತ್ತೆ. ಇನ್ವರ್ಟರ್ ಇಲ್ಲದೇ ತರಬೇಡಿ, ಕರೆಂಟ್ ಹೋದಾಗ ಆ ಮಾಸ್ಕ್ ಬಿಚ್ಚೋಕೆ ಅವ್ರ ಕೈಲಿ ಆಗಲ್ಲ. ಇನ್ನೊಂದು, ಬರೀ ಆಕ್ಸಿಜನ್ ನಿಮ್ಮಷ್ಟಕ್ಕೆ ನೀವು ಹಾಕ್ಬೇಡಿ. 2021ರ ಮೇನಲ್ಲಿ ಕೋವಿಡ್‌ಗೆ ಅಂತ ಎಲ್ಲರ ಮನೇಲೂ ಕಾನ್ಸಂಟ್ರೇಟರ್ ಇತ್ತಲ್ಲ, ಪಕ್ಕದ ಮನೆಯವ್ರು ಪಾಪ ತಂದುಕೊಟ್ರು, ಡಾಕ್ಟ್ರಿಗೆ ಫೋನ್ ಮಾಡಿದ್ರೆ ಬೈದ್ರು. ಇಲ್ಲಿ ಶ್ವಾಸಕೋಶ ಸರಿ ಇದೆ, ಗಾಳಿ ಒಳಗೆಳೆದು ಆಚೆ ಬಿಡೋ ಸ್ನಾಯು ಇಲ್ಲ, ಸುಮ್ನೆ ಆಕ್ಸಿಜನ್ ಕೊಟ್ರೆ ಇಂಗಾಲದ ಗಾಳಿ ಒಳಗೇ ತುಂಬ್ಕೊಂಡು ಮನುಷ್ಯ ಮಂಪರಿಗೆ ಹೋಗ್ಬೋದು.

ಊಟದಲ್ಲಿ ನಾವು ಮೋಸ ಹೋದ್ವಿ. ನೀರು ಕುಡಿದ್ರೆ ನೆತ್ತಿಗೇರೋದು, ಆದ್ರೆ ಮುದ್ದೆ ಸಣ್ಣ ಸಣ್ಣ ತುತ್ತು ಮಾಡಿ ಗಟ್ಟಿ ಸಾರಲ್ಲಿ ಅದ್ದಿ ಕೊಟ್ರೆ ಜಾರಿ ಇಳಿದುಬಿಡೋದು. ಮುದ್ದೆ ನುಂಗ್ತಿದ್ದಾರಲ್ಲ, ಇನ್ನೇನು ತೊಂದ್ರೆ, ಹೊಟ್ಟೆಗೆ ಪೈಪ್ ಈಗ್ಲೇ ಯಾಕೆ ಅಂತ 2019ರ ಡಿಸೆಂಬರ್‌ನಲ್ಲಿ ಡಾಕ್ಟ್ರು ಹೇಳಿದ್ದನ್ನ ಮುಂದಕ್ಕೆ ಹಾಕಿದ್ವಿ. ಮಾರ್ಚಲ್ಲಿ ಲಾಕ್‌ಡೌನ್. 74 ಕೆಜಿ ಇದ್ದೋರು 58ಕ್ಕೆ ಬಂದಿದ್ರು, ಉಸಿರು ಕಮ್ಮಿ ಆದ್ಮೇಲೆ ಪೈಪ್ ಹಾಕೋದೂ ರಿಸ್ಕು, ಬೈಪ್ಯಾಪ್ ಹಾಕ್ಕೊಂಡೇ ಮಾಡ್ಬೇಕಾಯ್ತು. ನುಂಗೋಕೆ ಪೂರ್ತಿ ಆಗದೇ ಹೋದ್ಮೇಲೆ ಹಾಕಿಸೋ ಪೈಪಲ್ಲ ಅದು, ಉಸಿರು ಚೆನ್ನಾಗಿರುವಾಗಲೇ ಹಾಕಿಸ್ಕೊಳ್ಳೋದು. ಹಾಕಿಸಿದ್ಮೇಲೂ ಬಾಯಲ್ಲಿ ರುಚಿಗೆ ಅಂತ, ನೆತ್ತಿಗೇರದೆ ನುಂಗೋಕೆ ಆಗೋವಷ್ಟು ಕೊಡ್ಬೋದು. ಪೈಪಿಗೆ ಡಯೆಟಿಷಿಯನ್ ಬರೆದುಕೊಟ್ಟಿದ್ರ ಜೊತೆ ರಾಗಿ ಗಂಜಿನೂ ಹಾಕ್ತಿದ್ವಿ, ತೆಳ್ಳಗೆ, ಎರಡು ಸಲ ಸೋಸಿ, ಆಮೇಲೆ ನೀರು ಬಿಡ್ಲೇಬೇಕು, ಇಲ್ಲಾಂದ್ರೆ ಕಟ್ಕೊಳ್ಳುತ್ತೆ.

ಮಾತ್ರೆ ಅಂದ್ರೆ ರಿಲುಜೋಲ್, ಅದು ಎರಡು ಮೂರು ತಿಂಗಳು ಜಾಸ್ತಿ ಕೊಡುತ್ತೆ ಅಂತ ಲೆಕ್ಕ, ವಾಸಿ ಮಾಡಲ್ಲ. 2023ರಲ್ಲಿ ಅಮೆರಿಕದಲ್ಲಿ ಟೊಫರ್ಸೆನ್ ಅಂತ ಒಂದು ಔಷಧಿಗೆ ಒಪ್ಪಿಗೆ ಆಗಿದೆ, ಅದು ಎಸ್‌ಒಡಿ1 ಅನ್ನೋ ಜೀನ್ ತೊಂದ್ರೆ ಇರೋ ಸ್ವಲ್ಪ ಜನಕ್ಕೆ ಮಾತ್ರ. ಮಕ್ಕಳಿಗೆ ಬರುತ್ತಾ ಅಂತ ಹೆದರಬೇಡಿ, ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಮನೆತನದಲ್ಲಿ ಯಾರಿಗೂ ಇರಲ್ಲ. ಸ್ಟೆಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳೋರು ಫೋನ್ ಮಾಡೇ ಮಾಡ್ತಾರೆ, ಈ ಕಾಯಿಲೆಗೆ ಟ್ರಯಲ್ ಬಿಟ್ಟು ಆಚೆ ಅದನ್ನ ಕೊಡೋ ಹಾಗೇ ಇಲ್ಲ ನಮ್ಮ ದೇಶದಲ್ಲಿ. ನಾವು ಅಷ್ಟರಲ್ಲಾಗ್ಲೇ ಬರಿಗೈ ಆಗಿದ್ವಿ, ಹಂಗಾಗಿ ಬಚಾವ್. ಎಷ್ಟು ವರ್ಷ ಅಂತ ನೀವು ಕೇಳಿಲ್ಲ, ಕೇಳೋಕೆ ಭಯ ಅಂತ ಗೊತ್ತು. ತುಂಬಾ ಜನಕ್ಕೆ ಎರಡರಿಂದ ಐದು, ನೂರರಲ್ಲಿ ಹತ್ತು ಜನ ಹತ್ತು ವರ್ಷ ದಾಟ್ತಾರೆ.

ಮಾತು. ಇದನ್ನ ಇವತ್ತೇ ಮಾಡಿ, ಅವ್ರ ದನಿ ರೆಕಾರ್ಡ್ ಮಾಡಿಟ್ಕೊಳ್ಳಿ, ಮಕ್ಕಳನ್ನ ಹೆಸರು ಹಿಡಿದು ಕರೆಯೋದು, ಬೈಯೋದು, ಏನಾದ್ರೂ. ನಮ್ಮತ್ರ ಇರೋದು ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್, 14 ಸೆಕೆಂಡ್, ಬರ್ತಾ ಹಾಲು ತಗಬಾ, ನೀಲಿ ಪ್ಯಾಕೆಟ್ಟು, ಹೋದ್ಸಲ ಹಂಗೆ ಬ್ಯಾರೇದ್ ತರ್ಬೇಡ ಅಂತ. ಅಷ್ಟೇ.

ಮಾತು ನಿಂತ ಮೇಲೂ ಕಣ್ಣು ಆಡುತ್ತೆ, ಸಾಮಾನ್ಯವಾಗಿ ಕಣ್ಣಿಗೆ ಏನೂ ಆಗಲ್ಲ. ನಮ್ಮಮ್ಮ ರಟ್ಟಿನ ಮೇಲೆ ಅಕ್ಷರಮಾಲೆ ಬರೆದ್ರು. ಕನ್ನಡಕ್ಕೆ ಇದು ಎಷ್ಟು ಚೆನ್ನಾಗಿ ಕೂರುತ್ತೆ ಅಂದ್ರೆ, ಅಕ್ಷರಗಳೇ ಸಾಲು ಸಾಲಾಗಿ ಇವೆಯಲ್ಲ, ಕ ಸಾಲಾ, ಚ ಸಾಲಾ, ಟ ಸಾಲಾ ಅಂತ ಕೇಳ್ತಾ ಹೋಗೋದು, ಕಣ್ಣು ಮುಚ್ಚಿದ ಕಡೆ ನಿಲ್ಲಿಸಿ ಆ ಸಾಲಲ್ಲಿ ಯಾವುದು ಅಂತ ಕೇಳೋದು. ಙ ಞ ತೆಗೆದುಬಿಟ್ವಿ, ಮಹಾಪ್ರಾಣನೂ ತೆಗೆದ್ವಿ, ಮಂಡ್ಯದವ್ರಿಗೆ ಮಹಾಪ್ರಾಣ ಯಾಕೆ. ಕಾಗುಣಿತ ಕೇಳ್ತಾ ಕೂತ್ರೆ ಒಂದು ಪದಕ್ಕೆ ಐದು ನಿಮಿಷ, ಅದಕ್ಕೆ ಬರೀ ಅಕ್ಷರ ತಗೊಂಡು ನಾವೇ ಊಹೆ ಮಾಡೋದು. ಒಂದು ರಾತ್ರಿ ಸ ಅಂದ್ರು, ಆಮೇಲೆ ಳ. ಅಮ್ಮ ಸಾಲ ಅಂದ್ಕೊಂಡು, ಸಾಲದ ಯೋಚ್ನೆ ಬ್ಯಾಡ ಕಣ್ರೀ, ಮಗ ತೀರಿಸ್ತನೆ ಅಂತ ಸಮಾಧಾನ ಮಾಡ್ತಾ ಅಳ್ತಾ ಕೂತ್ರು. ಅಪ್ಪ ಕಣ್ಣು ಪಟಪಟ ಬಡೀತಾನೇ ಇದ್ದಾರೆ. ನೋಡಿದ್ರೆ ಸೊಳ್ಳೆ! ಹಣೆ ಮೇಲೆ ಕೂತಿದೆ. ಕೈಕಾಲು ಆಡಲ್ಲ ಅಷ್ಟೇ, ಕಡಿತ ತುರಿಕೆ ಎಲ್ಲಾ ನಮ್ಮಷ್ಟೇ ಗೊತ್ತಾಗುತ್ತೆ ಅಕ್ಕ ಇದರಲ್ಲಿ. ಮಾರನೇ ದಿನ ಸೊಳ್ಳೆ ಪರದೆ ತಂದೆ, ರಟ್ಟಿನ ಮೇಲ್ಗಡೆ ಸೊಳ್ಳೆ, ತುರಿಕೆ, ಮಗ್ಗುಲು, ಉಸಿರು, ಬಾತ್‌ರೂಮ್ ಅಂತ ಐದು ಪದ ಪೂರ್ತಿ ಬರೆದ್ವಿ.

ಕಾರಣ ಇಲ್ಲದೇ ನಗು ಅಳು ಬರೋದೂ ಒಂದಿದೆ, ಹೆದರಬೇಡಿ. ಚಿಕ್ಕಪ್ಪನ ತಿಥೀಲಿ ಎಲ್ಲರ ಮಧ್ಯೆ ಅಪ್ಪ ಗಹಗಹಿಸಿ ನಕ್ಕುಬಿಟ್ರು, ಜನ ತಲೆ ಕೆಟ್ಟಿದೆ ಅಂದ್ರು. ನಗು ಅಳು ಹತೋಟೀಲಿಡೋ ಮೆದುಳಿನ ದಾರಿಗೆ ಏಟು ಬಿದ್ದು ಹಂಗಾಗೋದು, ಮನಸಿಂದಲ್ಲ. ಅದಕ್ಕೆ ಮಾತ್ರೆ ಇದೆ.

ಫ್ರೆಂಡ್ಸ್ ಬರ್ತಾರೆ, ಮೊದಲ ತಿಂಗಳು ತುಂಬಾ, ಆಮೇಲೆ ಇಲ್ಲ. ಅವ್ರನ್ನ ತಪ್ಪು ಅನ್ನಲ್ಲ, ಹಂಗೆ ನೋಡೋಕಾಗಲ್ಲ. ಒಬ್ರು ಮಾತ್ರ ಪ್ರತಿ ಭಾನುವಾರ ಬರೋರು, ಎದುರು ಟೀಮಲ್ಲಿ ಕಾರ್ನರ್, ಅಂದ್ರೆ ರೈಡರ್‌ನ ಹಿಡಿಯೋ ಜಾಗದಲ್ಲಿ, ಆಡ್ತಿದ್ದೋರು. ಶೇವಿಂಗ್ ಮಾಡಿ, ಸೊಂಟ ಹಿಡಿದು ಎತ್ತಿ ವೀಲ್‌ಚೇರಲ್ಲಿ ಕೂರಿಸೋರು. ಮಾತು ಇನ್ನೂ ತೊದಲ್ತಿದ್ದ ಕಾಲದಲ್ಲಿ ಅಪ್ಪ ಅವ್ರಿಗೆ, ಈಗ್ ಸಿಕ್ತಲ್ಲ ಬಡ್ಡೆತ್ತದೇ ಸೊಂಟ, ಆಗ ಒಂದ್ ದಿನಾನೂ ಸಿಗ್ನಿಲ್ವಲ್ಲ ನಿನ್ ಕೈಗೆ ಅಂದಿದ್ರು. 2020ರ ಡಿಸೆಂಬರಲ್ಲಿ ನಾನು ಅಪ್ಪಂಗೆ ರಾಬ್ ಬರೋ ಅನ್ನೋನ ಸುದ್ದಿ ತೋರಿಸಿದ್ದೆ, ಇಂಗ್ಲೆಂಡಿನ ಲೀಡ್ಸ್ ತಂಡದ ರಗ್ಬಿ ಪ್ಲೇಯರ್, ಐದಡಿ ಐದಿಂಚಿನ ಕುಳ್ಳ, ಇದೇ ಕಾಯಿಲೆ, ಅವ್ನ ಹಳೇ ಕ್ಯಾಪ್ಟನ್ ಕೆವಿನ್ ಸಿನ್‌ಫೀಲ್ಡ್ ಅವನಿಗೋಸ್ಕರ ಏಳು ದಿನದಲ್ಲಿ ಏಳು ಮ್ಯಾರಥಾನ್ ಓಡಿ ದುಡ್ಡು ಎತ್ತಿದ. ಅಪ್ಪ ರಟ್ಟಲ್ಲಿ ಓಡ್ಲಿ ಪಾಪ ಅಂತ ಹೇಳಿದ್ರು. ರಾಬ್ 2024ರ ಜೂನಲ್ಲಿ ಹೋದ, 41 ವರ್ಷ.

ಕೊನೇದು, ಕಷ್ಟದ್ದು. ಉಸಿರು ಪೂರ್ತಿ ನಿಲ್ಲೋ ಹಂತದಲ್ಲಿ ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕೋದಾ ಅಂತ ಕೇಳ್ತಾರೆ. ಆವತ್ತು ರಾತ್ರಿ ಎಮರ್ಜೆನ್ಸಿಲಿ ನೀವೊಬ್ರೇ ನಿಂತು ಹೇಳೋ ಹಾಗೆ ಆಗ್ಬಾರ್ದು, ಅವ್ರನ್ನೇ ಮುಂಚೆ ಕೇಳಿಡಿ. ನಮ್ಮ ಡಾಕ್ಟ್ರು ಅಪ್ಪನ್ನೇ ಕೇಳಿದ್ರು. ಬ, ಡ ಅಂದ್ರು ಅಪ್ಪ. ಬೇಡ ಅಂತಾನಾ, ಬಿಡು ಅಂತಾನಾ, ನಮಗೆ ಗೊತ್ತಾಗ್ಲಿಲ್ಲ, ಎರಡನ್ನೂ ಕೇಳಿದ್ವಿ, ಎರಡಕ್ಕೂ ಕಣ್ಣು ಮುಚ್ಚಿದ್ರು. ಬೈಪ್ಯಾಪ್ ಮೇಲೇ, ಮನೇಲೇ, ನಿದ್ದೇಲಿ ಹೋದ್ರು. ಈಗ ಇದನ್ನ ಬರೆದಿಡೋಕೆ ದಾರಿ ಸುಲಭ ಆಗಿದೆ, ಇಬ್ರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಸಹಿ ಸಾಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಮಾಡ್ತು, 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ ಆದೇಶ ಹೊರಡಿಸ್ತು. ಅವ್ರ ಕೈಲಿ ಸಹಿ ಆಗ್ತಿರುವಾಗಲೇ ಮಾಡ್ಸಿ. ಬ್ಯಾಂಕು, ಪಿಎಫ್, ಅಂಗವಿಕಲರ ಯುಡಿಐಡಿ ಕಾರ್ಡು ಎಲ್ಲಾ ಅದರ ಜೊತೇಲೇ.

ನಮ್ಮನೇಲಿ ಏರ್ ಬೆಡ್ ಒಂದು, ತಲೆ ಆನಿಸೋಕೆ ಆಗೋ ವೀಲ್‌ಚೇರ್ ಒಂದು ಸುಮ್ನೆ ಬಿದ್ದಿವೆ, ಮೈಸೂರು ಮಂಡ್ಯ ಕಡೆ ಇದ್ರೆ ಮೆಸೇಜ್ ಮಾಡಿ, ನಾನೇ ತಂದುಕೊಡ್ತೀನಿ. ಕತ್ತಿನ ಪಟ್ಟಿನೂ ಇದೆ, ಆದ್ರೆ ಅಪ್ಪನ ಕತ್ತು ದಪ್ಪ ಇತ್ತು, ವಾಲಿಬಾಲ್‌ನೋರಿಗೆ ಅದು ಲೂಸ್ ಆಗುತ್ತೇನೋ, ಅಳತೆ ಕಳಿಸಿ ನೋಡ್ತೀನಿ.